ಋಣ ತೀರಿದ ಮೇಲೆ

‘ಜೀತ’ ಎಂಬ ಮಾತು ‘ಜೀವಿತ’ದ ತದ್ಭವ. ಹಳಗನ್ನಡದಲ್ಲಿ ಅದಕ್ಕೆ ಸಂಬಳ, ಜೀವನೋಪಾಯ ಎಂಬ ಗೌರವದ ಅರ್ಥವಿತ್ತು. ಒಡೆಯನ ಜೀತವುಂಡ ಭಟ ಅವನಿಗಾಗಿ ಯುದ್ಧದಲ್ಲಿ ಪ್ರಾಣ ಕೊಡುವುದು ಧರ್ಮವೆನಿಸಿಕೊಂಡಿತ್ತು. ಈಚೆಗೆ ಜಯನಗರದ ನಮ್ಮ ಕಾಲೇಜಿನಲ್ಲಿ ಇದನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಮ್ಮ ತಾತ ಜೀತಕ್ಕಿದ್ದರು ಸಾರ್. ಅವರು ಉಂಡದ್ದೇನು?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ತಾತ ಜೀತಕ್ಕೆ ಆಳನ್ನು ಇಟ್ಟುಕೊಂಡಿದ್ದವರು.

ತಾತನ ಲೆಕ್ಕದ ಪುಸ್ತಕ ಈಗಲೂ ನನ್ನ ಬೀರುವಿನಲ್ಲಿದೆ. ಮಗಳ ಮದುವೆಗೆಂದು ಒಬ್ಬಾತ ಪಡೆದ ಸಾಲ 300 ರೂಪಾಯಿ. ಅದಕ್ಕಾಗಿ 9 ವರ್ಷದ ದುಡಿಮೆ. ಕೊನೆಯಲ್ಲಿಯೂ ಬಾಕಿ 300. ದುಡಿಮೆಯೆಲ್ಲ ಬಡ್ಡಿಗೆ ಹೋಗಿತ್ತು. ತಾತ ಕ್ರೂರಿಯಲ್ಲ, ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದರು. ಋಣವನ್ನು ತೀರಿಸದವನಿಗೆ ಸದ್ಗತಿಯಿಲ್ಲವೆಂದು ಅವರೂ ನಂಬಿದ್ದರು, ಆ ಆಳೂ ನಂಬಿದ್ದ. ಅವನನ್ನು ಕಟ್ಟಿಹಾಕಿದ್ದು ಕಬ್ಬಿಣದ ಸರಪಳಿಯಲ್ಲ, ಅವನ ಒಳ್ಳೆಯತನವೇ.

ಅಮೆರಿಕದ ಕಥೆಯೂ ಇದಕ್ಕೆ ದೂರವಲ್ಲ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1857ರಲ್ಲಿ, ಆಫ್ರಿಕದಿಂದ ತಂದ ಗುಲಾಮರ ಸಂತತಿಯವರು ಆ ದೇಶದ ಪ್ರಜೆಗಳಾಗಲಾರರೆಂದು ತೀರ್ಪಿತ್ತಿತು. ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ಗುಲಾಮಗಿರಿ ರದ್ದಾಯಿತು; 1868ರಲ್ಲಿ ಪೌರತ್ವ, 1870ರಲ್ಲಿ ಮತದ ಹಕ್ಕು ಸಂವಿಧಾನವನ್ನು ಸೇರಿದವು. ಆದರೆ ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ. ಹಳೆಯ ಒಡೆಯರ ಹೊಲವನ್ನೇ ಪಾಲಿಗೆ ಮಾಡಿ, ಬೀಜಕ್ಕೆ, ಹಿಟ್ಟಿಗೆ ಸಾಲ ತಂದು, ವರ್ಷದ ಕೊನೆಗೆ ಬಾಕಿದಾರರಾಗಿಯೇ ಉಳಿದರು. ಸಂಕೋಲೆ ಹೋದ ಕಡೆಗೆ ಸಾಲದ ಪುಸ್ತಕ ಬಂತು. ಮತದ ಹಕ್ಕು ದಕ್ಷಿಣದ ರಾಜ್ಯಗಳಲ್ಲಿ ನಿಜವಾಗಲು 1965ರ ಕಾಯಿದೆ ಬರಬೇಕಾಯಿತು.

ನಮ್ಮಲ್ಲಿ 1950ರ ಸಂವಿಧಾನವೇ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನೂ 23ನೆಯ ವಿಧಿಯಲ್ಲಿ ಬಿಟ್ಟಿ ಚಾಕರಿಯನ್ನೂ ನಿಷೇಧಿಸಿತು. ಆದರೂ ಜೀತ ಅಳಿಯಲಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ ಬಂದವು. ಆ ಕಾಯಿದೆ ಆಳನ್ನು ಬಿಡಿಸಿದ್ದಲ್ಲದೆ ಅವನ ಸಾಲವನ್ನೂ ಅಳಿಸಿಹಾಕಿತು. “ಕೊಟ್ಟವನು ನಾನು, ಅಳಿಸುವುದಕ್ಕೆ ಸರ್ಕಾರ ಯಾರು?” ಎಂದು ತಾತ ನೊಂದುಕೊಂಡರೆಂದು ನಮ್ಮ ತಂದೆ ಹೇಳುತ್ತಿದ್ದರು.

ಈ ಪ್ರಶ್ನೆಯನ್ನು ನಾವು ತಳ್ಳಿಹಾಕಬಾರದು. ಆಡಿದ ಮಾತಿಗೆ ತಪ್ಪಬಾರದೆಂಬುದು ದೊಡ್ಡ ಧರ್ಮವೇ. ಆದರೆ ಒಲ್ಲೆನೆನ್ನುವ ಶಕ್ತಿಯಿದ್ದವನು ಆಡಿದ್ದು ಮಾತು. ಅದಿಲ್ಲದವನು ಒಪ್ಪಿದ್ದು ಕೇವಲ ಅವನ ಹಸಿವು. ಅಷ್ಟೇ ಅಲ್ಲ, 9 ವರ್ಷದ ದುಡಿಮೆಗೆ ನ್ಯಾಯವಾದ ಕೂಲಿ ಕಟ್ಟಿದರೆ ಸಾಲಗಾರರು ಯಾರು? ಕಾಯಿದೆ ಋಣವನ್ನು ಅಳಿಸಲಿಲ್ಲ. ತಲೆಕೆಳಗಾಗಿದ್ದ ಲೆಕ್ಕವನ್ನು ನೆಟ್ಟಗೆ ಹಿಡಿದು ಓದಿತು, ಅಷ್ಟೆ. ಓದಿದ ಮೇಲೆ ಕೊಡಿಸಬೇಕಾದಷ್ಟನ್ನು ಕೊಡಿಸಿತೆನ್ನಲಾರೆ. 1974ರ ನಮ್ಮ ಭೂಸುಧಾರಣೆ ಗೇಣಿದಾರನಿಗೆ ಹೊಲದ ಒಡೆತನ ಕೊಟ್ಟಿತು. ಜೀತದವನಿಗೆ ಗೇಣಿಯೇ ಇರಲಿಲ್ಲ. ಅವನು ಬರಿಗೈಯಲ್ಲಿ ಬಿಡುಗಡೆಯಾದ.

ರಾಜಕೀಯದಲ್ಲಿ ಸಮಾನತೆ, ಬಾಳಿನಲ್ಲಿ ಅಸಮಾನತೆ, ಈ ವಿರೋಧ ಬಹುಕಾಲ ನಿಲ್ಲದೆಂದು ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ನಮ್ಮ ಮನೆಗಳ ಹಿತ್ತಿಲ ಕಿಟಕಿಯಲ್ಲಿ ಕೆಲಸದಾಕೆಗೆಂದು ಬೇರೆಯಾಗಿಟ್ಟ ಲೋಟವನ್ನು ಕಂಡಾಗ ಆ ಎಚ್ಚರಿಕೆ ನೆನಪಾಗುತ್ತದೆ. ನನ್ನ ಮನೆಯಲ್ಲಿಯೂ ಅಂಥದೊಂದು ಲೋಟ ಬಹುಕಾಲವಿತ್ತು. ಇಟ್ಟವರು ಯಾರೆಂದು ನಾನು ಕೇಳಿರಲಿಲ್ಲ.

ಮರುದಿನ ಆ ಹುಡುಗನಿಗೆ ಲೆಕ್ಕದ ಪುಸ್ತಕದ ವಿಷಯ ಹೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ, “ಒಂದು ಸಲ ನೋಡಬಹುದೆ ಸಾರ್?” ಎಂದ. ನಾಳೆ ಅದನ್ನು ಕೊಂಡೊಯ್ಯುತ್ತೇನೆ. ಋಣ ತೀರಿತೆಂದು ಹೇಳುವ ಅಧಿಕಾರ ನನ್ನದಲ್ಲ. ಪುಸ್ತಕವನ್ನು ತೆರೆದಿಡುವುದಷ್ಟೇ ನನ್ನ ಪಾಲಿನದು.