ಉಸಿರು ಎಲ್ಲಿ ತಗೊಂಡಿ?

"ಉಸಿರು ಎಲ್ಲಿ ತಗೊಂಡಿ, ತಮ್ಮಾ?"

ಖಾನಾಪುರದ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನನ್ನ ಮೊಬೈಲನ್ನು ಕಿವಿಗೊತ್ತಿಕೊಂಡೇ ಕಾಕಾ ಕೇಳಿದರು. ಕಾಕಾ ನನಗೆ ರಕ್ತಸಂಬಂಧಿಯಲ್ಲ. 30 ವರ್ಷ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು, ನನಗೆ ಅದನ್ನು ಹಿಡಿಯುವುದು ಕಲಿಸಿದವರು. ಬೆಳಗಾವಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು ಭಾನುವಾರ ರೈಲು ಹತ್ತಿ, ದೇಸೂರು, ಇದಲಹೊಂಡ ದಾಟಿ ಅವರ ಕಟ್ಟೆಗೆ ಹೋಗುತ್ತೇನೆ.

ಅವರು ಕೇಳುತ್ತಿದ್ದದ್ದು ಯಮನ್‌ನಲ್ಲಿ ನಾನೇ ಕಟ್ಟಿದ ಒಂದು ಪುಟ್ಟ ರಚನೆ. ಅದರ ನಡುವೆ ಮಂದ್ರದ ನಿಷಾದದಿಂದ ಹೊರಟು ತಾರ ಷಡ್ಜದವರೆಗೆ ನಿಧಾನ ಏರುವ 40 ಸೆಕೆಂಡಿನ ಒಂದೇ ಎಳೆ ಇದೆ. ಅಷ್ಟು ಉಸಿರು ನನ್ನಲ್ಲಿಲ್ಲ. ಟಿಳಕವಾಡಿಯ ಒಂದು ಮಹಡಿ ಕೋಣೆಯಲ್ಲಿ ರೆಕಾರ್ಡ್ ಮಾಡುವಾಗ ಪ್ರತಿ ಸಲವೂ 23ನೇ ಸೆಕೆಂಡಿಗೆ ಸ್ವರ ನಡುಗುತ್ತಿತ್ತು. ಕಂಪ್ಯೂಟರ್ ಮುಂದಿದ್ದ ಹುಡುಗ "ಎರಡ ಟೇಕ್ ಕೂಡಿಸಿಬಿಡ್ತೇನ್ರಿ ಸರ" ಎಂದ. ಕೂಡಿಸಿದ. ನಡುವೆ ನಾನು ಬಾಯಿ ತೆರೆದು ಗಾಳಿ ಎಳೆದುಕೊಂಡ ಸದ್ದನ್ನೂ ಅಳಿಸಿದ. ಕೇಳಿದರೆ ನನಗೇ ಹೆಮ್ಮೆಯಾಗುವಂತಿತ್ತು.

ಕಾಕಾನ ಪ್ರಶ್ನೆಗೆ ನಾನು ನಕ್ಕೆ, ಉತ್ತರ ಕೊಡಲಿಲ್ಲ. ಸನಾದಿಯವರ ಹಾಗೆ ಕೆನ್ನೆಯಲ್ಲಿ ಗಾಳಿ ಹಿಡಿದು ಮೂಗಿನಿಂದ ಉಸಿರೆಳೆಯುವುದನ್ನು ಕಲಿತಿದ್ದೇನೆ ಎಂದುಕೊಂಡರೋ ಏನೋ, "ಶಾಭಾಸ್" ಎಂದರು.

ಸುಳ್ಳು ಹೇಳಿದೆನೆ? ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಾದಿಸಿದೆ. ಸಿನಿಮಾವನ್ನು ಒಂದೇ ಶಾಟಿನಲ್ಲಿ ತೆಗೆದಿದ್ದಾರೆಂದು ಯಾರೂ ನಂಬುವುದಿಲ್ಲ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿಗಳನ್ನೇ ಬಿಟ್ಟು ಸ್ಟುಡಿಯೊ ಸೇರಿದ. ಟೇಪು ಕತ್ತರಿಸಿ ಅಂಟಿಸುವುದು ಕಲೆಯ ಭಾಗವೇ ಎಂದು ವಾದಿಸಿದ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಮೂರು ನಿಮಿಷದ ಮೇಣದ ತಟ್ಟೆಯಲ್ಲಿ ತಿದ್ದುವ ಅವಕಾಶವೇ ಇರಲಿಲ್ಲ. ಅದು ಯಂತ್ರದ ಮಿತಿಯೇ ಹೊರತು ಆಕೆಯ ಪ್ರಾಮಾಣಿಕತೆಯಲ್ಲ. ವಾದವೇನೋ ಗಟ್ಟಿಯಾಗಿತ್ತು. ಆದರೆ ಗೂಲ್ಡ್ ತಾನು ಕತ್ತರಿಸುವುದನ್ನು ಊರಿಗೆಲ್ಲ ಹೇಳಿಕೊಂಡೇ ಕತ್ತರಿಸಿದ. ನಾನೋ, ಪ್ರಬಂಧದಲ್ಲಿ ಯಾರದಾದರೂ ಮಾತಿನ ನಡುವೆ ನಾಲ್ಕು ಪದ ಬಿಟ್ಟರೂ ಮೂರು ಚುಕ್ಕಿ ಇಡುವವನು. ಸ್ವರದಲ್ಲಿ ಆ ಚುಕ್ಕಿಗಳನ್ನು ಎಲ್ಲಿಡುವುದು?

ಕದ್ರಿ ಗೋಪಾಲನಾಥರೂ ನೆನಪಾದರು. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದದ್ದು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೆ ಅದನ್ನು ಒಯ್ದದ್ದು ಎಲ್ಲರಿಗೂ ಗೊತ್ತು. ನಾಗಸ್ವರದಲ್ಲಿ ಬೆರಳು ನೇರ ರಂಧ್ರದ ಮೇಲಿರುತ್ತದೆ, ಅರ್ಧ ಮುಚ್ಚಿ ಗಮಕ ತೆಗೆಯಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಅದರಡಿ ಚರ್ಮದ ಮುಚ್ಚಳ. ಹಾಗಾಗಿ ಅವರು ವಾದ್ಯಕ್ಕೇ ಮಾರ್ಪಾಡು ಮಾಡಿಕೊಂಡರು, ವರ್ಷಗಟ್ಟಲೆ ಒದ್ದಾಡಿದರು. ಅದೂ ತಿದ್ದುವಿಕೆಯೇ ಅಲ್ಲವೆ ಎಂದು ಒಂದು ಗಳಿಗೆ ಸಮಾಧಾನವಾಯಿತು. ಆದರೆ ಅವರು ತಿದ್ದಿದ್ದು ಕೊಳವೆಯನ್ನು. ಊದುವ ಕೆಲಸ ಅವರಿಗೇ ಉಳಿದಿತ್ತು.

ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ವಿಷಯ ಇನ್ನೂ ಹತ್ತಿರದ್ದು. ಕ್ಷಯ ಅವರನ್ನು ವರ್ಷಗಳ ಕಾಲ ಹಾಡದಂತೆ ಮಲಗಿಸಿತು. ಮತ್ತೆ ಹಾಡಿದಾಗ ಉಸಿರು ಹಳೆಯದಾಗಿರಲಿಲ್ಲ. ಆ ತುಂಡು ತುಂಡು ಸ್ವರಸಮೂಹಗಳು, ನಡುವಿನ ಮೌನಗಳು ಅದರಿಂದಲೇ ಬಂದವೆಂದು ಹಲವರು ಹೇಳುತ್ತಾರೆ. ಅವರ ಉಸಿರಿನ ಜಾಗಗಳನ್ನೆಲ್ಲ ಯಾರಾದರೂ ಅಳಿಸಿದರೆ ಉಳಿಯುವುದೇನು? ನಾನು ಅಳಿಸಿದ್ದು ಒಂದೇ. ಒಂದೇ ಎಂಬುದು ಎಂಥ ಸಮರ್ಥನೆಯೋ.

ಇಷ್ಟೇ ಆಗಿದ್ದರೆ ಈ ವಿಷಯ ನನ್ನ ಡೈರಿಯಲ್ಲೇ ಉಳಿಯುತ್ತಿತ್ತು. ಮೂರು ವಾರ ಬಿಟ್ಟು ಹೋದಾಗ ಕಾಕಾನ ಮೊಮ್ಮಗ ಹಿತ್ತಲಲ್ಲಿ ಗೋಡೆಗೆ ಮುಖಮಾಡಿ ಊದುತ್ತಿದ್ದ. ಹದಿನಾಲ್ಕರ ಹುಡುಗ, ಕುತ್ತಿಗೆಯ ನರ ಉಬ್ಬಿತ್ತು. ಎದುರಿಗೆ ಇಟ್ಟಿಗೆಗೆ ಒರಗಿಸಿದ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. "ನಿಂದು ಕೇಳಿಸೀನಿ ಅವಗ. ಮನಷ್ಯಾ ಊದ್ಯಾನ, ನೀನೂ ಊದು ಅಂದೀನಿ" ಎಂದರು ಕಾಕಾ. ಹುಡುಗ 26 ಸೆಕೆಂಡಿಗೆ ಬಂದು ಗೋಡೆಗೆ ಕೈ ಊರಿದ. "ನಿನ್ನೆ ಕಣ್ಣಿಗೆ ಕತ್ತಲಿ ಬಂತ್ರಿ" ಎಂದ ನಗುತ್ತಲೇ.

ಯಾವ ಮನುಷ್ಯನೂ ಊದದ ಉಸಿರನ್ನು ಆ ಹುಡುಗ ಬೆನ್ನಟ್ಟುತ್ತಿದ್ದ. ರೈಲಿನಲ್ಲಿ ಹೂಡಿದ ಒಂದು ವಾದವೂ ಆ ಹಿತ್ತಲಲ್ಲಿ ನನ್ನ ನೆರವಿಗೆ ಬರಲಿಲ್ಲ. ಕೇಳುಗನಿಗೆ ಅದು ಬರೀ ಇಂಪು, ಹೌದು. ಕಲಿಯುವವನಿಗೆ ಅದು ಅಳತೆಗೋಲು. ಕಾಕಾನ ಮನೆಯಲ್ಲಿ ಎಲ್ಲರೂ ಕಲಿಯುವವರೇ ಎಂದು ನನಗೆ ಮೊದಲೇ ತಿಳಿದಿತ್ತು.

"ಕಾಕಾ, ಅದು ಎರಡು ಸಲ ಊದಿ ಕೂಡಿಸಿದ್ದರಿ" ಎಂದೆ.

ಅವರು ಮಾತಾಡಲಿಲ್ಲ. ಮೊಬೈಲು ತೆಗೆದುಕೊಂಡು ಮತ್ತೆ ಕಿವಿಗೊತ್ತಿಕೊಂಡರು. "ಎಲ್ಲಿ?" "23ಕ್ಕ್ರಿ." ಎರಡು ಸಲ ಕೇಳಿದರು. ಜೋಡಣೆ ಅವರಿಗೂ ಸಿಗಲಿಲ್ಲ. ಅದು ಅವರಿಗೆ ನನ್ನ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು ಅನಿಸುತ್ತದೆ; ಮೊಬೈಲನ್ನು ಕಟ್ಟೆಯ ಮೇಲೆ ಮಗುಚಿಟ್ಟರು.

ಹುಡುಗ ಮಾತ್ರ ಬೇರೇನೋ ಲೆಕ್ಕ ಹಾಕುತ್ತಿದ್ದ.

"ಹಂಗಾರ ನಾ ನಿಮಗಿಂತ ಹೆಚ್ಚ ಹಿಡದೇನಲ್ರಿ ಅಣ್ಣಾ?"

"ಹೂಂ" ಎಂದೆ, "ಮೂರು ಸೆಕೆಂಡು."