ಶೋಕೇಸಿನೊಳಗಿನ ಆಟಿಕೆ



ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಎರಡು ಪಟ್ಟಿಗಳು ಸಿದ್ಧವಾಗುತ್ತವೆ. ಒಂದು ಕುಸ್ವಾರಿನ ಪಟ್ಟಿ: ಅಕ್ಕಿ, ಬೆಲ್ಲ, ಎಳ್ಳು, ತೆಂಗಿನಕಾಯಿ, ಎಣ್ಣೆ. ಇನ್ನೊಂದು ಮಕ್ಕಳ ಪಟ್ಟಿ. ಮೊದಲನೆಯದು ಅಜ್ಜಿಯಂದಿರ ಕಾಲದಿಂದ ಹೆಚ್ಚೇನೂ ಬದಲಾಗಿಲ್ಲ. ಎರಡನೆಯದು ಪ್ರತಿವರ್ಷ ಹೊಸದು. ಅದನ್ನು ಹಿಡಿದುಕೊಂಡು ಕಾರ್ಕಳಕ್ಕೋ ಉಡುಪಿಗೋ ಬಸ್ಸು ಹತ್ತಬೇಕೆಂದೂ ಈಗ ಇಲ್ಲ. ಮೊಬೈಲಿನ ಮೇಲೆ ಬೆರಳಿಟ್ಟರೆ ಕೆಲವೇ ದಿನಗಳಲ್ಲಿ ಪೊಟ್ಟಣ ಅಜೆಕಾರು ಪೇಟೆಗೇ ಬಂದು ಇಳಿಯುತ್ತದೆ. "ಫಾದರ್, ಮಗುವಿಗೆ ಈ ಸಲ ಏನು ತೆಗೆದುಕೊಡುವುದು?" ಎಂದು ಪೂಜೆ ಮುಗಿದ ಮೇಲೆ ಕೇಳುವ ತಾಯಂದಿರಿದ್ದಾರೆ. ಸೆಮಿನರಿಯಲ್ಲಿ ನಮಗೆ ಆಟಿಕೆಯ ಪಾಠ ಆಗಿಲ್ಲ ಎಂದು ನಾನು ನಗೆಯಾಡುವುದುಂಟು.

ಆದರೆ ಅದು ಪೂರ್ತಿ ಸತ್ಯವಲ್ಲ. ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಬರೆದ 'ಸುಮ್ಮಾ ಥಿಯೊಲೊಜಿಯಾ' ಎಂಬ ಮಹಾಗ್ರಂಥದಲ್ಲಿ, ದೇವರು, ದೇವದೂತರು, ಪಾಪ, ಪುಣ್ಯಗಳ ನಡುವೆ, ಆಟದ ಬಗ್ಗೆಯೂ ಪ್ರಶ್ನೆ ಎತ್ತಿ ಉತ್ತರ ಕೊಟ್ಟಿದ್ದಾರೆ. ಅಲ್ಲಿ ಅವರು ಒಂದು ಹಳೆಯ ಕಥೆಯನ್ನು ನೆನಪಿಸುತ್ತಾರೆ. ಸುವಾರ್ತಿಕ ಸಂತ ಯೊವಾನ್ನರು ಒಮ್ಮೆ ತಮ್ಮ ಶಿಷ್ಯರೊಂದಿಗೆ ಆಟವಾಡುತ್ತಿದ್ದರಂತೆ. ಪ್ರೇಷಿತರಂಥವರು ಹೀಗೆ ಆಡಬಹುದೇ ಎಂದು ನೋಡಿದವರಿಗೆ ಬೇಸರವಾಯಿತು. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಯೊವಾನ್ನರು. ಬಿಟ್ಟ. ಮತ್ತೆ ಬಿಡು ಎಂದರು, ಮತ್ತೆ ಬಿಟ್ಟ. ಹೀಗೆ ನಿಲ್ಲಿಸದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಆಟ ಅಸಭ್ಯವಾಗಬಾರದು, ಯಾರಿಗೂ ನೋವು ಮಾಡಬಾರದು. ಆಡುವವನು ತನ್ನ ಬುದ್ಧಿಯ ಹಿಡಿತ ಕಳೆದುಕೊಳ್ಳಬಾರದು. ಕಾಲ, ಸ್ಥಳ, ವ್ಯಕ್ತಿಗೆ ತಕ್ಕಂತಿರಬೇಕು ಎಂದು ಅಕ್ವಿನಾಸರು ಎಚ್ಚರಿಸುತ್ತಾರೆ. ಇಷ್ಟು ನಮ್ಮ ಮೇಷ್ಟರುಗಳೂ ಹೇಳಿಯಾರು. ಆದರೆ ಅವರು ಅಲ್ಲಿಗೆ ನಿಲ್ಲುವುದಿಲ್ಲ. ತಾನೂ ನಗದೆ, ಇತರರ ನಗೆಗೂ ಅಡ್ಡಿಯಾಗುವವನದು ಕೂಡ ಒಂದು ದೋಷವೇ ಎನ್ನುತ್ತಾರೆ. ಹಾಗಾದರೆ ಪಾಪನಿವೇದನೆಗೆ ಮುಂಚೆ ಕೆಲವು ಅಪ್ಪಂದಿರು ಈ ದೋಷದ ಬಗ್ಗೆಯೂ ಆತ್ಮಶೋಧನೆ ಮಾಡಿಕೊಳ್ಳಬಹುದು.

ಪವಿತ್ರ ಗ್ರಂಥವೂ ಮಕ್ಕಳ ಆಟವನ್ನು ಹಗುರವಾಗಿ ಕಾಣುವುದಿಲ್ಲ. ಪಾಳುಬಿದ್ದ ಜೆರುಸಲೇಮಿಗೆ ದೇವರು ಮತ್ತೆ ಬರುವ ದಿನವನ್ನು ಪ್ರವಾದಿ ಜೆಕರ್ಯ ವರ್ಣಿಸುವಾಗ ಅರಮನೆ, ಸೈನ್ಯಗಳನ್ನು ಕಾಣುವುದಿಲ್ಲ. ಬೀದಿಯಲ್ಲಿ ಕೋಲೂರಿ ಕುಳಿತ ಮುದುಕ ಮುದುಕಿಯರನ್ನು ಕಾಣುತ್ತಾರೆ, ಅದೇ ಬೀದಿಯ ತುಂಬ ಆಡುವ ಹುಡುಗ ಹುಡುಗಿಯರನ್ನು ಕಾಣುತ್ತಾರೆ (ಜೆಕರ್ಯ 8:4-5). ಸೃಷ್ಟಿಯ ಹೊತ್ತಿನಲ್ಲಿ ದೇವರ ಮುಂದೆ ನಲಿದಾಡಿದ ಜ್ಞಾನದ ಬಗ್ಗೆ ಜ್ಞಾನೋಕ್ತಿ ಗ್ರಂಥ ಹೇಳುತ್ತದೆ (8:30-31). ಹಳೆಯ ಲತೀನ್ ಬೈಬಲಿನಲ್ಲಿ ಅಲ್ಲಿರುವುದು ಆಟವಾಡುವುದು ಎಂಬ ಅರ್ಥದ ಪದವೇ. ಪ್ರಭು ಯೇಸು ಕೂಡ ಸಂತೆಯಲ್ಲಿ ಕೊಳಲೂದಿ ಕುಣಿಯುವ ಆಟ, ಗೋಳಾಡುವ ಆಟ ಆಡುವ ಮಕ್ಕಳನ್ನು ಗಮನಿಸಿ ನೋಡಿದ್ದರು. ಅದನ್ನೇ ಬೋಧನೆಗೆ ಬಳಸಿಕೊಂಡರು (ಮತ್ತಾಯ 11:16-17). ಅಪ್ಪ ಅಮ್ಮಂದಿರು ಮಗುವಿಗೆ ಆಟಿಕೆ ಕೊಡಿಸುವುದು ದುಂದುವೆಚ್ಚ ಎಂದು ಗದರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ ಎಂಬುದು ಇಷ್ಟರಿಂದ ಸ್ಪಷ್ಟವಾಗಲಿ.

ನನಗೆ ಚಿಂತೆ ಇರುವುದು ಆಡಲು ಸಿಗದ ಆಟಿಕೆಯ ಬಗ್ಗೆ.

ನಮ್ಮ ಕಡೆಯ ಎಷ್ಟೋ ಮನೆಗಳ ಯಜಮಾನರು ಗಲ್ಫಿನಲ್ಲಿದ್ದಾರೆ. ಅಂಥ ಮನೆಗೆ ಹೋದರೆ ಚಾವಡಿಯಲ್ಲಿ ಪ್ರಭುವಿನ ಪವಿತ್ರ ಹೃದಯದ ಚಿತ್ರ, ಅದರ ಕೆಳಗೋ ಪಕ್ಕದಲ್ಲೋ ಗಾಜಿನ ಶೋಕೇಸು. ಒಳಗೆ ನಿದ್ದೆಗಣ್ಣಿನ ಗೊಂಬೆ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ವಿಮಾನ, ರಿಮೋಟ್ ಕಾರು. ಅಂಥದೊಂದು ಮನೆಯ ಅಜ್ಜಿಯ ಒಪ್ಪಿಗೆ ಪಡೆದೇ ಈ ಮಾತು ಬರೆಯುತ್ತಿದ್ದೇನೆ; ಹೆಸರು ಬೇಡ, ಏಕೆಂದರೆ ಅಂಥ ಮನೆ ಒಂದಲ್ಲ. ಮಗ ಕುವೈಟಿನಲ್ಲಿ. ಮೊಮ್ಮಗನಿಗೆ ಆರು ವರ್ಷವಾದಾಗ ಕೆಂಪು ಬಣ್ಣದ ರಿಮೋಟ್ ಕಾರು ಕಳಿಸಿದ. ಮೊದಲ ದಿನ ಚಾವಡಿಯಲ್ಲಿ ಎರಡು ಸುತ್ತು ಓಡಿತು, ಬಾಗಿಲ ಹೊಸ್ತಿಲಿಗೆ ಢಿಕ್ಕಿ ಹೊಡೆಯಿತು. ಅಜ್ಜಿ ಅದನ್ನು ಒರೆಸಿ ಶೋಕೇಸಿನಲ್ಲಿಟ್ಟು ಬೀಗ ಹಾಕಿದರು. "ಮಗ ಕಳಿಸಿದ್ದು ಫಾದರ್, ಹಾಳಾದರೆ ಪುನಃ ಎಲ್ಲಿಂದ ತರುವುದು?" ಎಂದರು.

ಈ ಮಾತಿಗೆ ನಗಬೇಡಿ. ಮಗ ಮನೆಗೆ ಬರುವುದು ಎರಡು ವರ್ಷಕ್ಕೊಮ್ಮೆ. ಕಾರು ದಿನವೂ ಕಣ್ಣೆದುರಿಗಿದೆ. ಸಂಜೆ ತೇರ್ಸಿಗೆ ಕುಳಿತಾಗ ಅಜ್ಜಿಯ ದೃಷ್ಟಿ ಶಿಲುಬೆಯ ಮೇಲೂ ಬೀಳುತ್ತದೆ, ಆ ಗಾಜಿನ ಮೇಲೂ ಬೀಳುತ್ತದೆ. ಅವರು ಕಾಪಾಡಿ ಇಟ್ಟದ್ದು ಪ್ಲಾಸ್ಟಿಕ್ಕನ್ನಲ್ಲ. ಆದರೆ ಹುಡುಗನ ಪಾಲಿಗೆ ಆದದ್ದೇನು? ಅಂಗಳದಲ್ಲಿ ನೆರೆಮನೆಯ ಕೂಲಿಯವರ ಮಕ್ಕಳೊಂದಿಗೆ ಅಡಿಕೆ ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆಯುವ ಆಟ ಆಡಿಕೊಂಡು ಅವನು ಬೆಳೆದ. ಅಪ್ಪನ ಕಾರು ಅತಿಥಿಗಳಿಗೆ ತೋರಿಸುವ ವಸ್ತುವಾಯಿತು. ಪ್ರಥಮ ಪರಮಪ್ರಸಾದದ ದಿನ ಅಜ್ಜಿ ತಾವಾಗಿಯೇ ಬೀಗ ತೆಗೆದರು. ಸೆಲ್ಲುಗಳು ಸೋರಿ ಒಳಗೆಲ್ಲ ಬಿಳಿ ಪುಡಿ ಹಿಡಿದಿತ್ತು. ಕಾರು ಅಲುಗಲಿಲ್ಲ. ಹುಡುಗ ಅಳಲೂ ಇಲ್ಲ, ಕೇಳಲೂ ಇಲ್ಲ. ಹೊರಗೆ ಚೆಂಡಾಡಲು ಹೋದ. ಅತ್ತದ್ದು ಅಜ್ಜಿ.

ಹುಳ ತಿನ್ನುವ, ತುಕ್ಕು ಹಿಡಿಯುವ ಸಂಪತ್ತಿನ ಬಗ್ಗೆ ಪ್ರಭು ಹೇಳಿದ್ದನ್ನು ನಾವು ಬ್ಯಾಂಕಿನ ಹಣಕ್ಕೆ, ಚಿನ್ನಕ್ಕೆ ಅನ್ವಯಿಸಿ ಪ್ರಸಂಗ ಮಾಡುತ್ತೇವೆ. ಮತ್ತಾಯ 25ರ ತಲೆಂತುಗಳ ಸಾಮತಿಯಲ್ಲಿ ಮೂರನೆಯ ಆಳು ಕಳ್ಳನಲ್ಲ, ಕುಡುಕನಲ್ಲ. ಕಳೆದುಹೋದೀತೆಂದು ಹೆದರಿ ಹೂತಿಟ್ಟವನು. ಕೊಟ್ಟದ್ದು ಕೊಟ್ಟ ಹಾಗೆಯೇ ಇದೆ ಎಂಬುದೇ ಅವನ ಸಮರ್ಥನೆ. ಹಾಗೆ ನೋಡಿದರೆ ನಮ್ಮ ಅತ್ತೂರು ಜಾತ್ರೆಯ ಆಟಿಕೆಗಳೇ ವಾಸಿ. ಜನವರಿಯಲ್ಲಿ ಸಂತ ಲಾರೆನ್ಸರ ಬಸಿಲಿಕಕ್ಕೆ ಹರಕೆ ಸಲ್ಲಿಸಲು ಹೋದವರು, ಯಾವ ಧರ್ಮದವರೇ ಇರಲಿ, ಸಂತೆಯಿಂದ ಪೀಪಿ, ಬಲೂನು, ಪ್ಲಾಸ್ಟಿಕ್ ಬಸ್ಸು ಹಿಡಿದೇ ಹಿಂತಿರುಗುತ್ತಾರೆ. ಅರ್ಧದಷ್ಟು ಕಾರ್ಕಳ ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಮುರಿದಿರುತ್ತವೆ. ಆದರೆ ಅಷ್ಟರೊಳಗೆ ಮಗು ಆಡಿಯಾಗಿರುತ್ತದೆ.

ಶೋಕೇಸಿನ ರೋಗ ನಮ್ಮೂರಿನದು ಮಾತ್ರವಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ 'ಬೀನಿ ಬೇಬಿ' ಎಂಬ ಅಂಗೈ ಅಗಲದ ಮೆತ್ತನೆಯ ಗೊಂಬೆಗಳ ಹುಚ್ಚು ಹಬ್ಬಿತು. ಕಂಪೆನಿ ಕೆಲವು ಗೊಂಬೆಗಳ ತಯಾರಿಕೆ ನಿಲ್ಲಿಸಿದ ಕೂಡಲೇ ಅವುಗಳಿಗೆ ಬೆಲೆ ಏರುತ್ತಿತ್ತು. ದೊಡ್ಡವರೇ ಮುಗಿಬಿದ್ದು ಕೊಂಡು, ಚೀಟಿ ಹರಿಯದಂತೆ ಡಬ್ಬದಲ್ಲಿಟ್ಟರು. 1999ರಲ್ಲಿ ಲಾಸ್ ವೇಗಾಸಿನಲ್ಲಿ ವಿಚ್ಛೇದನ ಪಡೆದ ಗಂಡ ಹೆಂಡಿರಿಗೆ ಈ ಗೊಂಬೆಗಳನ್ನು ಪಾಲು ಮಾಡಿಕೊಳ್ಳಲು ಆಗಲಿಲ್ಲ. ನ್ಯಾಯಾಧೀಶರ ಆಜ್ಞೆಯಂತೆ ಇಬ್ಬರೂ ನ್ಯಾಯಾಲಯದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ರಾಶಿಯಿಂದ ಸರದಿಯಂತೆ ಒಂದೊಂದನ್ನೇ ಆರಿಸಿಕೊಂಡರು. ಆ ಫೋಟೋ ಪತ್ರಿಕೆಗಳಲ್ಲಿ ಬಂತು. ಮುಂದೆ ಆ ಗೊಂಬೆಗಳ ಬೆಲೆಯೂ ಕುಸಿಯಿತು. 2025ರಲ್ಲಿ ಲೋಕವೆಲ್ಲ ಓಡಿದ್ದು 'ಲಬೂಬು' ಎಂಬ ಹಲ್ಲುಕಿರಿಯುವ ಗೊಂಬೆಯ ಹಿಂದೆ. ಅದನ್ನು ಮಾರುವ ಬಗೆಯನ್ನು ತಂದೆತಾಯಿಗಳು ತಿಳಿದಿರಬೇಕು: ಮುಚ್ಚಿದ ಡಬ್ಬದೊಳಗೆ ಯಾವ ಗೊಂಬೆ ಇದೆಯೆಂದು ಕೊಳ್ಳುವವರೆಗೆ ಗೊತ್ತಾಗುವುದಿಲ್ಲ. ಬೇಕಾದದ್ದು ಬರದಿದ್ದರೆ ಇನ್ನೊಂದು ಡಬ್ಬ, ಮತ್ತೂ ಒಂದು. ಇದಕ್ಕೆ ನಮ್ಮ ಊರಿನಲ್ಲಿ ಬೇರೆ ಹೆಸರಿದೆ. ಅದನ್ನು ಆಡಿದವರನ್ನು ಪೊಲೀಸರು ಹಿಡಿಯುತ್ತಾರೆ. ಮಕ್ಕಳು ಬೆಂಕಿಪೆಟ್ಟಿಗೆಯ ಚಿತ್ರ, ಅಂಚೆಚೀಟಿ, ಸಂತರ ಚಿತ್ರಗಳನ್ನು ಕೂಡಿಡುವುದಕ್ಕೂ ಇದಕ್ಕೂ ಅಂತರವಿದೆ. ಅಲ್ಲಿ ನನ್ನಲ್ಲಿ ಎರಡಿರುವುದನ್ನು ನಿನಗೆ ಕೊಟ್ಟು, ನಿನ್ನಲ್ಲಿ ಎರಡಿರುವುದನ್ನು ಪಡೆಯಲು ಒಬ್ಬ ಗೆಳೆಯ ಬೇಕು.

ಇನ್ನು ಕ್ರಿಸ್ಮಸ್ ತಾತನ ವಿಷಯ. ಅನೇಕ ಕಡೆ ನಡೆಯುವ ಪದ್ಧತಿ ನಿಮಗೆ ಗೊತ್ತು. ತಂದೆತಾಯಿಗಳು ತಮ್ಮ ಮಗುವಿನ ಹೆಸರು ಬರೆದ ಪೊಟ್ಟಣವನ್ನು ಮೊದಲೇ ಗುಟ್ಟಾಗಿ ತಲುಪಿಸುತ್ತಾರೆ. ತಾತ ವೇದಿಕೆಯಲ್ಲಿ ಮೈಕಿನಲ್ಲಿ ಹೆಸರು ಕೂಗಿ ಕೊಡುತ್ತಾನೆ. ಒಬ್ಬನಿಗೆ ತನಗಿಂತ ದೊಡ್ಡ ಡಬ್ಬ, ಇನ್ನೊಬ್ಬನಿಗೆ ಕಂಪಾಸು ಪೆಟ್ಟಿಗೆ. ಕೆಲವರ ಹೆಸರು ಬರುವುದೇ ಇಲ್ಲ. "ತಾತನಿಗೂ ದೊಡ್ಡ ಮನೆಯವರೆಂದರೆ ಇಷ್ಟವಾ ಅಮ್ಮ?" ಎಂದು ಒಂದು ಮಗು ಕೇಳಿತೆಂದು ಅದರ ತಾಯಿ ನನ್ನಲ್ಲಿ ಹೇಳಿದರು. ಈ ತಾತನ ಮೂಲಪುರುಷ ಡಿಸೆಂಬರ್ 6ರಂದು ನಾವು ಸ್ಮರಿಸುವ ಸಂತ ನಿಕೋಲಸರು, ಇಂದಿನ ಟರ್ಕಿಯಲ್ಲಿದ್ದ ಮಿರಾ ಪಟ್ಟಣದ ಧರ್ಮಾಧ್ಯಕ್ಷರು. ಮೂರು ಹೆಣ್ಣುಮಕ್ಕಳ ಮದುವೆಗೆ ಗತಿಯಿಲ್ಲದ ತಂದೆಯೊಬ್ಬನ ಮನೆಗೆ ಅವರು ರಾತ್ರಿಯ ಕತ್ತಲಲ್ಲಿ ಹೊನ್ನಿನ ಗಂಟು ಎಸೆದು ಹೋದರೆಂದು ಪರಂಪರೆ ಹೇಳುತ್ತದೆ. ಕತ್ತಲನ್ನು ಅವರು ಆರಿಸಿಕೊಂಡದ್ದು ಆ ತಂದೆಯ ಮಾನ ಉಳಿಯಲೆಂದು. ಅವರ ಹೆಸರಿನಲ್ಲಿ ಮೈಕು ಹಿಡಿದು ಬಡವನ ಮಗುವನ್ನು ಎಲ್ಲರೆದುರು ಅಳೆಯುವುದು ನನಗೆ ಒಪ್ಪಿಗೆಯಲ್ಲ.

ಆದ್ದರಿಂದ ಈ ವರ್ಷ ನಮ್ಮಲ್ಲಿ ಹೆಸರು ಬರೆದ ಪೊಟ್ಟಣಗಳನ್ನು ಸ್ವೀಕರಿಸುವುದಿಲ್ಲ. ಬದಲಾಗಿ ಪ್ರತಿ ವಾರ್ಡಿನ ಮಕ್ಕಳಿಗೆ ಒಂದೊಂದು ಕೇರಂ ಬೋರ್ಡು, ಒಂದು ಚೆಂಡು, ಎರಡು ಹಗ್ಗ. ಅವು ಗುರಿಕಾರರ ಮನೆಯಲ್ಲಿರುತ್ತವೆ. ಆಡಬೇಕೆಂದರೆ ಮಕ್ಕಳು ಒಟ್ಟು ಸೇರಬೇಕು, ಜಗಳವಾಡಬೇಕು, ರಾಜಿಯಾಗಬೇಕು. ಕೆಲವರಿಗೆ ಇದು ಹಿಡಿಸಿಲ್ಲ ಎಂದು ನನ್ನ ಕಿವಿಗೂ ಬಿದ್ದಿದೆ. ನಿಮ್ಮ ಮಗುವಿಗೆ ನೀವು ಮನೆಯಲ್ಲಿ ಏನನ್ನಾದರೂ ಕೊಡಿ, ಯಾರೂ ತಡೆಯುವುದಿಲ್ಲ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ; 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಗುಂಡಿಯಂಥ ಸಣ್ಣ ಸೆಲ್ಲು, ಅಯಸ್ಕಾಂತದ ಚೂರು ಇರುವಂಥದನ್ನು ಬಾಯಿಗೆ ಹಾಕುವ ಪ್ರಾಯದ ಮಕ್ಕಳ ಕೈಗೆ ಕೊಡಲೇಬೇಡಿ. ನುಂಗಿದರೆ ಕರುಳಿಗೆ ಅಪಾಯ. ಮರದ್ದೇ ಬೇಕೆನ್ನುವವರಿಗೆ ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆಗಳಿವೆ.

ಗೋದಲಿಯನ್ನೂ ಮಕ್ಕಳ ಕೈಗೆ ಬಿಡಿ. ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಯೇಸುಜನನವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಜನ ಹತ್ತಿರ ಬರಲೆಂದು. ಮಕ್ಕಳು ಗೋದಲಿಯಲ್ಲಿ ಶುಭಸಂದೇಶಕ್ಕೆ ಸಂಬಂಧವಿಲ್ಲದ ಗೊಂಬೆಗಳನ್ನೂ ಇಡುತ್ತಾರೆಂಬುದನ್ನು ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಿಂದ ಹೊರಡಿಸಿದ ಪತ್ರದಲ್ಲಿ ಸಂತೋಷದಿಂದಲೇ ಬರೆದಿದ್ದರು. ಡಬ್ಬದಲ್ಲಿ ಮೊಳೆಯಿಸಿದ ಭತ್ತದ ಸಸಿಗಳ ನಡುವೆ ಕುರಿಗಳ ಪಕ್ಕದಲ್ಲೊಂದು ಪ್ಲಾಸ್ಟಿಕ್ ಜೆಸಿಬಿ ನಿಂತರೆ ಬಾಲಯೇಸುವಿಗೆ ಬೇಸರವಾಗದು.

ಆ ಕುವೈಟಿನ ಮನೆಗೆ ಆಟಿ ತಿಂಗಳಲ್ಲಿ ಮತ್ತೊಮ್ಮೆ ಹೋಗಿದ್ದೆ. ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸಿದ್ದರು. ತುಳುನಾಡಿನ ಈ ಆಟವನ್ನು ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ: ಒಂದು ಬದಿಗೆ ಏಳರಂತೆ ಹದಿನಾಲ್ಕು ಕುಳಿ, ಕುಳಿಗೆ ನಾಲ್ಕರಂತೆ ಐವತ್ತಾರು ಕೆಂಪು ಮಂಜೊಟ್ಟಿ ಕಾಯಿ. ನಿಮ್ಮ ಸರದಿ ಬಂದಾಗ ನಿಮ್ಮದೊಂದು ಕುಳಿಯನ್ನು ಪೂರ್ತಿ ಬರಿದು ಮಾಡಿ, ಒಂದೊಂದೇ ಕಾಯಿಯನ್ನು ಮುಂದಿನ ಕುಳಿಗಳಿಗೆ ಹಾಕುತ್ತ ಹೋಗಬೇಕು, ಎದುರಾಳಿಯ ಕುಳಿಗೂ. ಕಾಯಿಗಳನ್ನು ಹಿಡಿದಿಟ್ಟುಕೊಂಡು ಈ ಆಟ ಆಡಲು ಬರುವುದಿಲ್ಲ. ಹಾಗೆಂದು ಮಣೆಗೆ ಪಾವಿತ್ರ್ಯ ಹಚ್ಚುವುದೂ ಬೇಡ. ಅವಳಿ ಅಕ್ಕತಂಗಿಯರಾದ ಅಬ್ಬಗ ದಾರಗರು ಚೆನ್ನೆ ಆಡುತ್ತ ಜಗಳವಾಗಿ, ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆದ ಕಥೆಯನ್ನು ಸಿರಿಯ ಪಾಡ್ದನ ಹೇಳುತ್ತದೆ. ಒಡಹುಟ್ಟಿದವರು ಚೆನ್ನೆಗೆ ಎದುರುಬದುರು ಕೂರಬಾರದೆಂದು ಹಿರಿಯರು ಹೇಳುವುದು ಅದಕ್ಕೇ. ಗೆಲ್ಲುವ ಭರದಲ್ಲಿ ಬುದ್ಧಿಯ ಹಿಡಿತ ತಪ್ಪಬಾರದೆಂದು ಅಕ್ವಿನಾಸರು ಹೇಳಿದ್ದನ್ನು ನಮ್ಮ ಹೆಂಗಸರು ನಾಟಿ ಗದ್ದೆಯಲ್ಲಿ ಬೇರೆ ದಾರಿಯಿಂದ ಹಾಡಿಕೊಂಡು ಬಂದಿದ್ದರು.

ಅಂದು ಮಣೆಯ ಒಂದು ಬದಿಗೆ ಹುಡುಗ, ಎದುರಿಗೆ ಚೊಂಬಿಗೆ ಒರಗಿಸಿಟ್ಟ ಮೊಬೈಲು. ಅದರೊಳಗೆ ಅಪ್ಪ. ಅಪ್ಪ "ಮೂರನೆಯ ಮನೆ" ಎಂದರೆ ಹುಡುಗ ಅಪ್ಪನ ಕಡೆಯ ಮೂರನೆಯ ಕುಳಿ ಬರಿದು ಮಾಡಿ, ಅಪ್ಪನ ಪರವಾಗಿ ಹಂಚುತ್ತಿದ್ದ. ಮೋಸ ಮಾಡುತ್ತಾನೋ ಎಂದು ಅಜ್ಜಿ ಪಕ್ಕದಲ್ಲಿ ಕುಳಿತು ಎಣಿಸುತ್ತಿದ್ದರು. ನಡುವೆ ಮಳೆಗೆ ನೆಟ್‌ವರ್ಕ್ ಹೋಯಿತು. ಅಪ್ಪನಿಗೆ ಮತ್ತೆ ರಜೆ ಬರುವ ಶುಕ್ರವಾರದವರೆಗೆ ಕಾಯಿಗಳು ಇದ್ದಲ್ಲೇ ಇದ್ದವಂತೆ. ಅಜ್ಜಿ ಮಣೆಯ ಸುತ್ತಲೇ ಗುಡಿಸಿದರಂತೆ.

ಡಿಸೆಂಬರ್ 28, ಪವಿತ್ರ ಹಸುಳೆಗಳ ಹಬ್ಬ. ಅಂದು ಸಂಜೆಯ ಪೂಜೆಯ ಬಳಿಕ ಚರ್ಚಿನ ಸಭಾಂಗಣದಲ್ಲಿ ಮಕ್ಕಳ ಆಟವಿದೆ. ಮನೆಯ ಅಟ್ಟದಲ್ಲಿ ಚೆನ್ನೆಮಣೆ ಇದ್ದವರು ದಯವಿಟ್ಟು ತನ್ನಿ; ಮಂಜೊಟ್ಟಿ ಹೆಕ್ಕಲು ಧರ್ಮೋಪದೇಶದ ಮಕ್ಕಳಿಗೆ ಹೇಳಿದ್ದೇನೆ. ಆಟಿ ಕಳೆದ ಮೇಲೆ ಚೆನ್ನೆ ಆಡಬಾರದು ಎಂದು ಯಾರಾದರೂ ಅಜ್ಜಿ ತಕರಾರು ತೆಗೆದರೆ, ಅವರನ್ನೂ ಕೈಹಿಡಿದು ಕರೆದುಕೊಂಡು ಬನ್ನಿ. ಕುರ್ಚಿ ಹಾಕಿಸಿರುತ್ತೇನೆ.