ಇಂದಿನ ಚಿಂತನೆ: ಕೋಳಿಗೂಡಿನ ಏಣಿ





"ಮೇಲು-ಕೀಳು ಸೃಷ್ಟಿಯೊಳಗ ಐತ್ರಿ ಸರ. ಕೋಳಿ ನೋಡ್ರಿ, ಒಂದು ಕುಕ್ಕತೈತಿ, ಇನ್ನೊಂದು ಕುಕ್ಕಿಸ್ಕೊಂತೈತಿ." ಹಾನಗಲ್, ಹಿರೇಕೆರೂರ ಕಡೆ ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಈ ಮಾತು ಹಲವು ಸಲ ನನ್ನ ಕಿವಿಗೆ ಬಿದ್ದಿದೆ. ನಮ್ಮ ಮನೆಯಲ್ಲೂ 12 ಜವಾರಿ ಕೋಳಿಗಳಿವೆ. ಹಾಗಾದರೆ ಈ ಮಾತನ್ನು ಕೋಳಿಗೂಡಿನಲ್ಲೇ ಪರೀಕ್ಷಿಸೋಣ.

ಕತ್ತಲಾದೊಡನೆ ಕೋಳಿ ಎತ್ತರದ ಜಾಗ ಹುಡುಕುತ್ತದೆ. ಅದರ ಪೂರ್ವಜ ಕಾಡುಕೋಳಿ ರಾತ್ರಿ ಮರದ ಮೇಲೆ ಕೂಡ್ರುವ ಹಕ್ಕಿ. ಅದಕ್ಕೇ ಗೂಡಿನೊಳಗೆ ಅಡ್ಡಗಳ ಬೇಕು. ಇದನ್ನು ಯಾರೂ ಕೊಂಡು ತರುವುದಿಲ್ಲ. ಬಿದಿರ ಗಳ, ಬೇವಿನ ಕೊಂಬೆ, ಮುರಿದ ಕುಂಟೆಯ ದಿಂಡು, ಕೈಗೆ ಸಿಕ್ಕಿದ್ದನ್ನು ಕಟ್ಟುತ್ತೇವೆ. ಕೆಲವರು ಸುಲಭವೆಂದು ಹಳೆಯ ಏಣಿಯನ್ನೇ ಗೋಡೆಗೆ ನಿಲ್ಲಿಸುತ್ತಾರೆ. ಆಗ ಎಲ್ಲ ಕೋಳಿಗೂ ಮೇಲಿನ ಮೆಟ್ಟಿಲೇ ಬೇಕು. ಬಲವಿದ್ದದ್ದು ಏರಿ ಕೂತು, ಉಳಿದವನ್ನು ಕುಕ್ಕಿ ಇಳಿಸುತ್ತದೆ. ಏಣಿ ನೆಟ್ಟಗಿದ್ದಷ್ಟೂ ಮೇಲಿನವುಗಳ ಹಿಕ್ಕೆ ಕೆಳಗಿನವುಗಳ ಮೈಮೇಲೆ.

ಅವೇ ಗಳಗಳನ್ನು ಬಿಚ್ಚಿ, ನೆಲದಿಂದ 2 ಅಡಿ ಎತ್ತರಕ್ಕೆ ಒಂದೇ ಮಟ್ಟದಲ್ಲಿ ಕಟ್ಟಿ. ಒಂದು ಕೋಳಿಗೆ 8 ಇಂಚಿನಂತೆ 12 ಕೋಳಿಗೆ 8 ಅಡಿ ಜಾಗ ಸಾಕು. ಜಗಳ ಕಡಿಮೆಯಾಗುತ್ತದೆ. ಕೋಳಿ ಅವೇ, ಕಟ್ಟಿಗೆ ಅದೇ. ಕಟ್ಟಿದ ರೀತಿ ಮಾತ್ರ ಬೇರೆ.

ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂಬ ಸರದಿಯನ್ನು ನಾರ್ವೆಯ ಥೋರ್ಲೈಫ್ ಶೆಲ್ಡರುಪ್-ಎಬ್ಬೆ ಸುಮಾರು ನೂರು ವರ್ಷದ ಹಿಂದೆಯೇ ಅಭ್ಯಾಸ ಮಾಡಿ ಬರೆದರು. ಆ ಸರದಿ ಒಂದೊಂದು ಕೋಳಿ ತಾನೇ ಕಾದಾಡಿ ಪಡೆದದ್ದು. ಹೊಸ ಕೋಳಿ ಬಂದರೆ ಅದು ಬದಲಾಗುತ್ತದೆ. ಹುಟ್ಟುವ ಮೊದಲೇ ಮೆಟ್ಟಿಲು ಗೊತ್ತುಮಾಡಿದವನು ಮನುಷ್ಯ. ಹುಲ್ಲು, ಮರ, ಮೀನು, ಹಕ್ಕಿಗಳಲ್ಲಿ ಹುಟ್ಟಿನ ಗುರುತುಗಳು ಬೇರೆಬೇರೆ, ಮನುಷ್ಯರ ದೇಹದಲ್ಲಿ ಅಂಥ ಗುರುತಿಲ್ಲ ಎಂದು ಭಗವಾನ್ ಬುದ್ಧರು ವಾಸೆಟ್ಠ ಸುತ್ತದಲ್ಲಿ ತಿಳಿಸಿದ್ದಾರೆ.

ಹಿಕ್ಕೆ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು, ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ, ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಮೇಲಿನಿಂದ ಬೀಳುತ್ತಿದ್ದದ್ದನ್ನು ಅಂದು ಎಲ್ಲರ ಕಣ್ಣಿಗೆ ಕಾಣಿಸಿದರು.

ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಪ್ರತಿ ಮೆಟ್ಟಿಲಿನವರಿಗೂ ಕುಕ್ಕಲು ಕೆಳಗೊಬ್ಬರು ಸಿಗುವುದರಿಂದ ಏಣಿ ಬಿಚ್ಚಲು ಎಲ್ಲರೂ ಒಟ್ಟಾಗುವುದಿಲ್ಲ. ನಮ್ಮೊಳಗಿನ ಎಡ-ಬಲದ ಲೆಕ್ಕವೂ ಆ ಏಣಿಯದೇ ಮೆಟ್ಟಿಲು.

ಗಳ ಸಮ ಮಾಡಿದರೂ ಕುಕ್ಕುವುದು ಪೂರ್ತಿ ನಿಲ್ಲುವುದಿಲ್ಲ, ನಿಜ. ಸಂವಿಧಾನ ಗಳವನ್ನು ಸಮ ಮಾಡಿ ಕೊಟ್ಟಿದೆ. ಉಳಿದದ್ದಕ್ಕೆ ಬಂಧುತ್ವ ಬೇಕು. 1954ರ ಆಕಾಶವಾಣಿ ಭಾಷಣದಲ್ಲಿ ಬಾಬಾಸಾಹೇಬರು ಕಾನೂನಿಗಿಂತ ಬಂಧುತ್ವವನ್ನೇ ಹೆಚ್ಚು ನಂಬಿದರು, ಅದನ್ನು ಬುದ್ಧರಿಂದ ಪಡೆದೆನೆಂದರು. ಕೋಳಿಗೆ ಮೈತ್ರಿ ಕಲಿಸಲಾಗದು. ನಾವು ಕಲಿಯಬಲ್ಲೆವು.

ಇಂದು ಒಂದಿಷ್ಟು ಹೊತ್ತು ಯೋಚಿಸೋಣ: ಶಾಲೆಯಲ್ಲಿ ಕಸ ಗುಡಿಸುವ ಪಾಳಿ ಯಾವ ಮಗುವಿಗೆ ಮತ್ತೆ ಮತ್ತೆ ಬರುತ್ತಿದೆ? ಮನೆಯಲ್ಲಿ ಎಲ್ಲರದ್ದೂ ಆದಮೇಲೆ ಉಣ್ಣುವವರು ಯಾರು? ನಮಗಿಂತ ಕೆಳಗಿನವರೆಂದು ನಾವು ಯಾರನ್ನು ಕುಕ್ಕುತ್ತಿದ್ದೇವೆ?

ಜೈ ಭೀಮ್.